ಗೋಪುರದ ಅನುವಾದಕ, ಗಡಿಯ ದ್ವಿಭಾಷಿಕ: ಇತ್ತೀಚಿನ ಮೂರು ಕಾದಂಬರಿಗಳ ಓದು

ವೈಜ್ಞಾನಿಕ ಕಾದಂಬರಿ ಮತ್ತು ಫ್ಯಾಂಟಸಿ ಪ್ರಕಾರಗಳಲ್ಲಿ ಭಾಷೆಯ ಪ್ರಶ್ನೆ ಬಹುಕಾಲ ಹಿನ್ನೆಲೆಯಲ್ಲಿಯೇ ಉಳಿದಿತ್ತು. ಅನ್ಯಗ್ರಹದವರು ಕೆಲವೇ ಪುಟಗಳಲ್ಲಿ ಇಂಗ್ಲಿಷ್ ಕಲಿತುಬಿಡುತ್ತಿದ್ದರು. ಇಲ್ಲವೆ ಯಾವುದೋ ಯಂತ್ರ ಅನುವಾದದ ಹೊರೆ ಹೊತ್ತು ಕಥೆಗೆ ದಾರಿ ಬಿಡುತ್ತಿತ್ತು. ಅಪವಾದಗಳು ಇರಲಿಲ್ಲವೆಂದಲ್ಲ. ಟೋಲ್ಕಿನ್ ತಮ್ಮ ಎಲ್ಫ್ ಭಾಷೆಗಳಲ್ಲಿ ಒಂದನ್ನು ಫಿನ್ನಿಷ್ ಭಾಷೆಯ, ಇನ್ನೊಂದನ್ನು ವೆಲ್ಷ್ ಭಾಷೆಯ ನಾದಕ್ಕೆ ಹತ್ತಿರವಾಗಿ ಕಟ್ಟಿದರು. ಸ್ಯಾಮ್ಯುಯೆಲ್ ಡಿಲೇನಿಯವರ 'ಬೇಬಲ್-17' (1966) ಕಾದಂಬರಿಯಲ್ಲಿ 'ನಾನು' ಎಂಬ ಪದವೇ ಇಲ್ಲದ ಭಾಷೆಯೊಂದು ಯುದ್ಧದ ಆಯುಧವಾಗುತ್ತದೆ. ಅದನ್ನು ಬಿಡಿಸುವ ಹೊಣೆ ಕವಯಿತ್ರಿಯೊಬ್ಬಳ ಮೇಲೆ ಬೀಳುತ್ತದೆ. ಆದರೆ ಅಲ್ಲಿನ ಕುತೂಹಲವೆಲ್ಲ ಭಾಷೆ ಮನಸ್ಸನ್ನು ಹೇಗೆ ರೂಪಿಸುತ್ತದೆ ಎಂಬುದರ ಸುತ್ತಲೇ ಇತ್ತು. ಭಾಷೆಯನ್ನು ಯಾರು ಕಲಿಯುತ್ತಾರೆ, ಯಾರ ಖರ್ಚಿನಲ್ಲಿ ಕಲಿಯುತ್ತಾರೆ, ಕಲಿತದ್ದರ ಲಾಭ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಗಳು ಕಥನದ ನಡುಮನೆಗೆ ಬಂದದ್ದು ಈಚೆಗೆ.

ಈ ಬದಲಾವಣೆಯನ್ನು ಮೂರು ಕಾದಂಬರಿಗಳು ಸ್ಪಷ್ಟವಾಗಿ ತೋರಿಸುತ್ತವೆ: ಚೈನಾ ಮಿವೀಲ್ ಅವರ 'ಎಂಬಸಿಟೌನ್' (2011), ಆರ್ಕಡಿ ಮಾರ್ಟೀನ್ ಅವರ 'ಎ ಮೆಮೊರಿ ಕಾಲ್ಡ್ ಎಂಪೈರ್' (2019), ಆರ್. ಎಫ್. ಕ್ವಾಂಗ್ ಅವರ 'ಬೇಬಲ್' (2022). ಮೂರರಲ್ಲೂ ಎರಡು ಭಾಷೆಗಳ ನಡುವೆ ನಿಂತವರು ಕಥೆಯ ಕೇಂದ್ರದಲ್ಲಿದ್ದಾರೆ. ಮೂರೂ ಸಾಮ್ರಾಜ್ಯವನ್ನು ವಿಮರ್ಶೆಗೆ ಒಡ್ಡುತ್ತವೆ. ಎರಡು ಭಾಷೆಗಳಲ್ಲಿ ದಿನ ಕಳೆಯುವ ಗಡಿನಾಡಿನ ಓದುಗನಿಗೆ ಇವು ತನ್ನ ಕಥೆಯನ್ನೇ ಹೇಳುತ್ತಿವೆ ಎನಿಸುವುದು ಸಹಜ. ಆದರೆ ಒಟ್ಟಿಗಿಟ್ಟು ಓದಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಈ ಕಾದಂಬರಿಗಳು ಸಾಮ್ರಾಜ್ಯವನ್ನು ವಿರೋಧಿಸುತ್ತವೆ, ನಿಜ. ಆದರೆ ಭಾಷೆಯ ಬೆಲೆಯನ್ನು ಅಳೆಯಲು ಸಾಮ್ರಾಜ್ಯದ ಅಳತೆಗೋಲನ್ನೇ ಬಹುಮಟ್ಟಿಗೆ ಉಳಿಸಿಕೊಳ್ಳುತ್ತವೆ. ಆ ಅಳತೆಗೋಲಿನ ಹೆಸರು ದೂರ.

ಬೆಳ್ಳಿಯ ತರ್ಕ

'ಬೇಬಲ್' 1830ರ ದಶಕದ ಆಕ್ಸ್‌ಫರ್ಡಿನಲ್ಲಿ ನಡೆಯುತ್ತದೆ. ಇತಿಹಾಸದ ಆಕ್ಸ್‌ಫರ್ಡಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಇಲ್ಲೊಂದು ಅನುವಾದ ಗೋಪುರವಿದೆ. ಅಲ್ಲಿನ ವಿದ್ವಾಂಸರು ಬೆಳ್ಳಿಯ ಸರಳುಗಳ ಮೇಲೆ ಎರಡು ಭಾಷೆಗಳ ಸಮಾನಾರ್ಥಕ ಪದಗಳನ್ನು ಕೆತ್ತುತ್ತಾರೆ. ಒಂದು ಪದದಿಂದ ಇನ್ನೊಂದಕ್ಕೆ ದಾಟುವಾಗ ಸೋರಿಹೋಗುವ ಅರ್ಥವನ್ನು ಬೆಳ್ಳಿ ಹಿಡಿದಿಟ್ಟು ಭೌತಿಕ ಪರಿಣಾಮವಾಗಿ ಮಾರ್ಪಡಿಸುತ್ತದೆ. ಆ ಬಲದಿಂದ ಹಡಗುಗಳು ವೇಗವಾಗಿ ಚಲಿಸುತ್ತವೆ, ಗಿರಣಿಗಳು ನಡೆಯುತ್ತವೆ, ಸೇತುವೆಗಳು ನಿಲ್ಲುತ್ತವೆ. ಯುರೋಪಿನ ಭಾಷೆಗಳು ಪರಸ್ಪರ ಸಾಲ ಪಡೆದು ಹತ್ತಿರವಾದಷ್ಟೂ ಅವುಗಳ ನಡುವಿನ ಸೋರಿಕೆ ಕಡಿಮೆಯಾಗುತ್ತದೆ, ಬೆಳ್ಳಿಯ ಶಕ್ತಿಯೂ ಕುಂದುತ್ತದೆ. ಆದ್ದರಿಂದ ಗೋಪುರಕ್ಕೆ ದೂರದ ಭಾಷೆಗಳು ಬೇಕು. ಅವುಗಳನ್ನು ಹುಟ್ಟಿನಿಂದ ಬಲ್ಲ ಮಕ್ಕಳು ಬೇಕು. ಕ್ಯಾಂಟನ್ ನಗರದಿಂದ ಕರೆತಂದ ಬಾಲಕ ರಾಬಿನ್ ಸ್ವಿಫ್ಟ್, ಕಲ್ಕತ್ತೆಯ ರಾಮಿ, ಹೈಟಿ ಮೂಲದ ವಿಕ್ಟ್ವಾರ್ ಆ ಹಸಿವಿನ ಫಲವಾಗಿಯೇ ಗೋಪುರದೊಳಗೆ ಬಂದವರು.

ಕಾದಂಬರಿಯ ಶಕ್ತಿ ಈ ಕಲ್ಪನೆಯಲ್ಲಿದೆ. ವಸಾಹತುಶಾಹಿಯು ಹತ್ತಿ, ನೀಲಿ, ಅಫೀಮುಗಳ ಹಾಗೆ ಭಾಷೆಯನ್ನೂ ಕಚ್ಚಾ ಸರಕನ್ನಾಗಿ ಸಾಗಿಸಿತು ಎಂಬ ಮಾತನ್ನು ವಿದ್ವತ್ ಲೇಖನಗಳು ಹೇಳುತ್ತ ಬಂದಿವೆ. ಕ್ವಾಂಗ್ ಅದನ್ನು ಕಥೆಯ ಯಂತ್ರವನ್ನಾಗಿಸಿದ್ದಾರೆ. ನಿಘಂಟು ತಯಾರಿಕೆ, ವ್ಯಾಕರಣ ರಚನೆ, ವಿದ್ಯಾರ್ಥಿವೇತನಗಳಂಥ ನಿರಪರಾಧಿ ಕೆಲಸಗಳೆಲ್ಲ ಬೆಳ್ಳಿಯ ಮೂಲಕ ನೇರವಾಗಿ ನೌಕಾಪಡೆಗೆ ಹೋಗಿ ಸೇರುತ್ತವೆ. ಇನ್ನೊಂದು ಸೂಕ್ಷ್ಮವೂ ಮೆಚ್ಚತಕ್ಕದ್ದು. ಕಾದಂಬರಿ ಮುಗಿದರೂ ರಾಬಿನ್‌ನ ಚೀನೀ ಹೆಸರು ಓದುಗನಿಗೆ ತಿಳಿಯುವುದಿಲ್ಲ. ಗೋಪುರ ಎಲ್ಲವನ್ನೂ ಕಸಿದುಕೊಂಡರೂ ಕೃತಿ ಆ ಒಂದು ಪದವನ್ನು ಓದುಗನ ಕೈಗೆ ಕೊಡಲು ಒಪ್ಪುವುದಿಲ್ಲ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಬಲವಾದ ಪ್ರತಿಭಟನೆ ಇಲ್ಲ.

ದೌರ್ಬಲ್ಯಗಳೂ ಇವೆ. ಅಡಿಟಿಪ್ಪಣಿಗಳು ಆರಂಭದಲ್ಲಿ ವಿದ್ವತ್ತಿನ ಅಣಕವಾಗಿ ರುಚಿಸುತ್ತವೆ; ಬರಬರುತ್ತ ಓದುಗ ತಪ್ಪು ತೀರ್ಮಾನಕ್ಕೆ ಬಂದಾನು ಎಂಬ ಲೇಖಕಿಯ ಆತಂಕವಾಗಿ ಕಾಣಿಸುತ್ತವೆ. ನಾಲ್ವರು ಗೆಳೆಯರಲ್ಲಿ ಇಂಗ್ಲಿಷ್ ಯುವತಿಯಾದ ಲೆಟಿ ತನ್ನ ವರ್ಗದ ಪ್ರತಿನಿಧಿಯಾಗಿ ಮಾತ್ರ ಉಳಿಯುತ್ತಾಳೆ. ಅವಳ ದ್ರೋಹ ಆಘಾತ ತರಬೇಕಾದಲ್ಲಿ ನಿರೀಕ್ಷಿತವೆನಿಸುತ್ತದೆ. ಆದರೆ ಇವು ಕುಶಲತೆಯ ದೋಷಗಳು. ಹೆಚ್ಚಿನ ತೊಡಕು ಬೆಳ್ಳಿಯ ತರ್ಕದಲ್ಲಿಯೇ ಇದೆ. ಈ ಲೋಕದಲ್ಲಿ ಅನುವಾದವಾಗದೆ ಉಳಿಯುವುದರಲ್ಲಿಯೇ ಭಾಷೆಯ ಮೌಲ್ಯವಿದೆ. ಹತ್ತಿರವಾದ ಭಾಷೆಗಳು ನಿಸ್ಸಾರ. ದೂರದ ಭಾಷೆಗಳು ಶಕ್ತಿಯ ಆಕರ. ಕ್ರಾಂತಿಕಾರಿಗಳು ಗೋಪುರವನ್ನು ದ್ವೇಷಿಸುತ್ತಾರೆ, ಆದರೆ ಈ ಸಮೀಕರಣವನ್ನು ಪ್ರಶ್ನಿಸುವುದಿಲ್ಲ. ಅವರ ಬಂಡಾಯ ಬೆಳ್ಳಿಯ ಒಡೆತನ ಯಾರದು ಎಂಬುದರ ಸುತ್ತ ನಡೆಯುತ್ತದೆ. ಮಾತು ಬೆಳ್ಳಿಯಾಗಬೇಕೇ ಎಂಬುದರ ಸುತ್ತ ನಡೆಯುವುದು ಕಡಿಮೆ. ವಿಕ್ಟ್ವಾರ್‌ಳ ಫ್ರೆಂಚ್ ಭಾಷೆಗೆ ಗೋಪುರದಲ್ಲಿ ಸ್ಥಾನವಿದೆ, ಅವಳ ಹೈಟಿಯ ಕ್ರಿಯೋಲ್ ಭಾಷೆಗೆ ಬೆಲೆಯಿಲ್ಲ. ಸಂಪರ್ಕದಿಂದಲೇ ಹುಟ್ಟಿದ ಭಾಷೆಯೊಂದು ಗೋಪುರದ ಲೆಕ್ಕಕ್ಕೆ ಬಾರದಿರುವುದನ್ನು ಕಾದಂಬರಿ ಗುರುತಿಸುತ್ತದೆ. ಕೊನೆಯ ಪುಟಗಳು ಅವಳ ಪಾಲಾಗುವುದೂ ಆಕಸ್ಮಿಕವಲ್ಲ. ಆದರೆ ಕಥನದ ನಿಜವಾದ ಪರ್ಯಾಯ ಇಲ್ಲಿದೆ ಎಂದು ಓದುಗನಿಗೆ ಅನ್ನಿಸುವ ಹೊತ್ತಿಗೆ ಪುಸ್ತಕವೇ ಮುಗಿದಿರುತ್ತದೆ.

ಕುಪ್ವಾಡದ ಪರೀಕ್ಷೆ

ಬೆಳ್ಳಿಯ ತರ್ಕವನ್ನು ಪರೀಕ್ಷಿಸಲು ಗಡಿನಾಡಿನ ಅಧ್ಯಯನಕಾರರಿಗೆ ಚಿರಪರಿಚಿತವಾದ ಒಂದು ಊರು ಸಾಕು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಇಂದು ಸಾಂಗ್ಲಿ–ಮೀರಜ್ ನಗರದ ಭಾಗವಾಗಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಈ ಊರಿನ ಕನ್ನಡ, ಮರಾಠಿ, ಉರ್ದುಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಭಾಷಾಸಂಪರ್ಕ ಕ್ಷೇತ್ರದ ಮುಖ್ಯ ಲೇಖನಗಳಲ್ಲಿ ಒಂದು. ಜೈನ ಮನೆಗಳಲ್ಲಿ ಕನ್ನಡ, ಮುಸ್ಲಿಂ ಮನೆಗಳಲ್ಲಿ ಉರ್ದು, ಇತರ ಸಮುದಾಯಗಳಲ್ಲಿ ಮರಾಠಿ. ಎಲ್ಲರ ನಡುವಿನ ವ್ಯವಹಾರಕ್ಕೂ ಬಹುಮಟ್ಟಿಗೆ ಮರಾಠಿ. ಶತಮಾನಗಳ ಒಡನಾಟದಲ್ಲಿ ಈ ಭಾಷೆಗಳ ವಾಕ್ಯರಚನೆ ಎಷ್ಟು ಸಮೀಪಿಸಿತ್ತೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದರಲ್ಲಿ ಹೇಳಬಹುದು ಎಂದು ಆ ವಿದ್ವಾಂಸರು ತೋರಿಸಿದರು. ಪ್ರಮಾಣ ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೇ ಮುಗಿಯುವ 'ಇದು ನಿಮ್ಮ ಮನೆ' ಎಂಬಂಥ ವಾಕ್ಯ ಕುಪ್ವಾಡದ ಕನ್ನಡದಲ್ಲಿ ಮರಾಠಿಯಂತೆ ಕೊನೆಯಲ್ಲಿ 'ಐತಿ'ಯ ರೂಪವನ್ನು ಪಡೆಯುತ್ತದೆ. ಇಷ್ಟಾಗಿಯೂ ಪದಗಳು ಬೇರೆಬೇರೆಯಾಗಿಯೇ ಉಳಿದವು. ವ್ಯಾಕರಣ ಹತ್ತಿರ ಬಂತು, ಮನೆಗಳ ಗುರುತು ಪದಗಳಲ್ಲಿ ಉಳಿಯಿತು.

ಈ ಊರನ್ನು ಕ್ವಾಂಗ್ ಅವರ ಗೋಪುರಕ್ಕೆ ಒಯ್ದರೆ ಏನಾದೀತು? ಬೆಳ್ಳಿಯ ಸರಳು ಅಲುಗುವುದಿಲ್ಲ. ವಾಕ್ಯಕ್ಕೆ ವಾಕ್ಯ ಹೊಂದಿಕೊಂಡಿರುವಲ್ಲಿ ಸೋರಿಕೆ ತೀರ ಕಡಿಮೆ. ಗೋಪುರದ ಪ್ರಾಧ್ಯಾಪಕ ಈ ಊರಿನವರನ್ನು ಕೆಲಸಕ್ಕೆ ಬಾರದವರೆಂದು ಹಿಂದಕ್ಕೆ ಕಳಿಸುತ್ತಾನೆ. ಆದರೆ ಒಂದೇ ದಿನದಲ್ಲಿ ಎರಡು ಮೂರು ಭಾಷೆಗಳಲ್ಲಿ ಚೌಕಾಸಿ ಮಾಡಿ, ಜಗಳಾಡಿ, ರಾಜಿಯಾಗುವ ಈ ಜನ ಅನುವಾದದ ಕೆಲಸವನ್ನು ಯಾವ ಗೋಪುರಕ್ಕಿಂತಲೂ ದೀರ್ಘಕಾಲ ನಡೆಸಿದ್ದಾರೆ. ಭಾಷೆಗಳ ನಡುವಿನ ದೂರವನ್ನು ಸವೆಸಿದ್ದೇ ಅವರ ಸಾಧನೆ. ಕಾದಂಬರಿಯ ಲೋಕದಲ್ಲಿ ಅದು ನಷ್ಟದ ಬಾಬ್ತು.

ಕುಪ್ವಾಡವನ್ನು ಸೌಹಾರ್ದದ ಚಿತ್ರಪಟವಾಗಿ ಗೋಡೆಗೆ ತೂಗುಹಾಕುವುದೂ ತಪ್ಪಾದೀತು. ಅಲ್ಲಿ ಭಾಷೆಗಳು ಬೇರೆಯಾಗಿ ಉಳಿಯಲು ಜಾತಿ ಮತ್ತು ಧರ್ಮಗಳ ಗೆರೆಗಳೂ ಕಾರಣ. ಸಮೀಪಿಸಿದ್ದು ವ್ಯಾಕರಣ, ಪಂಕ್ತಿಯಲ್ಲ. ನಾಲ್ಕು ದಶಕಗಳ ನಂತರ ಸೋನಲ್ ಕುಲಕರ್ಣಿ-ಜೋಶಿ ಅದೇ ಊರಿನ ಭಾಷಾಸ್ಥಿತಿಯನ್ನು ಪುನಃ ಪರಿಶೀಲಿಸಿ ಹಳೆಯ ಮಾದರಿಯನ್ನು ವಿಮರ್ಶೆಗೆ ಒಡ್ಡಿದ್ದಾರೆ. ಆದರೂ ಒಂದು ಅಂಶ ಉಳಿಯುತ್ತದೆ: ಕಾದಂಬರಿಗಳ ಅನುವಾದಕನಿಗೆ ಹೊರತಾದ, ಅವನಿಗಿಂತ ಹಳೆಯನಾದ ಇನ್ನೊಬ್ಬ ದ್ವಿಭಾಷಿಕನಿದ್ದಾನೆ. ಅವನನ್ನು ಯಾರೂ ಆಯ್ದು ತಂದಿಲ್ಲ; ಅವನು ಊರು ಬಿಟ್ಟು ಹೋಗಿಲ್ಲ.

ಒಲಿದವಳ ಸಂಕಟ

ಮಾರ್ಟೀನ್ ಅವರ ನಾಯಕಿ ಮಾಹಿತ್ ಊರು ಬಿಟ್ಟವಳು, ಆದರೆ ರಾಬಿನ್‌ನಂತೆ ಎಳೆದೊಯ್ಯಲ್ಪಟ್ಟವಳಲ್ಲ. ಸುಮಾರು 30,000 ಜನ ಬಾಳುವ ಲ್ಸೆಲ್ ಎಂಬ ಬಾಹ್ಯಾಕಾಶ ನೆಲೆಯಿಂದ ಟೆಯ್ಕ್ಸ್‌ಕಲಾನ್ ಸಾಮ್ರಾಜ್ಯದ ರಾಜಧಾನಿಗೆ ರಾಯಭಾರಿಯಾಗಿ ಹೋಗುವ ಈಕೆ ಬಾಲ್ಯದಿಂದಲೇ ಆ ಸಾಮ್ರಾಜ್ಯದ ಭಾಷೆ ಮತ್ತು ಕಾವ್ಯಗಳನ್ನು ಪ್ರೀತಿಸಿದವಳು. ಅವಳ ತಲೆಯೊಳಗೆ ಹಿಂದಿನ ರಾಯಭಾರಿ ಯಸ್ಕಾಂಡರ್‌ನ ನೆನಪುಗಳ ಹದಿನೈದು ವರ್ಷ ಹಳೆಯ ಪ್ರತಿಯೊಂದನ್ನು ಅಳವಡಿಸಲಾಗಿದೆ. ಸಾಮ್ರಾಜ್ಯದ ಭಾಷೆಯಲ್ಲಿ ನಗರಕ್ಕೂ ಜಗತ್ತಿಗೂ ಸಾಮ್ರಾಜ್ಯಕ್ಕೂ ಒಂದೇ ಪದ. ಆ ಭಾಷೆಯಲ್ಲಿ ಮಾತನಾಡುತ್ತಲೇ ತನ್ನ ಊರು ಜಗತ್ತಿನ ಹೊರಗಿದೆ ಎಂದು ಅವಳು ಒಪ್ಪಿಕೊಂಡಂತಾಗುತ್ತದೆ. ಮಾರ್ಟೀನ್ ಬೈಜಾಂಟಿಯಮ್ ಇತಿಹಾಸದ ವಿದ್ವಾಂಸರು. ಹನ್ನೊಂದನೆಯ ಶತಮಾನದಲ್ಲಿ ಆ ಸಾಮ್ರಾಜ್ಯ ಆರ್ಮೇನಿಯದ ಆನಿ ರಾಜ್ಯವನ್ನು ಸೇರಿಸಿಕೊಂಡ ಚರಿತ್ರೆ ಈ ಕಥೆಯ ಪ್ರೇರಣೆಗಳಲ್ಲಿ ಒಂದು. ಕೃತಿ 2020ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು.

ಸಾಮ್ರಾಜ್ಯ ಬಲಾತ್ಕಾರದಿಂದ ಮಾತ್ರವಲ್ಲ, ಸೌಂದರ್ಯದಿಂದಲೂ ಆಳುತ್ತದೆ ಎಂಬ ತಿಳಿವು ಈ ಕಾದಂಬರಿಯ ದೊಡ್ಡ ಗುಣ. ಆಸ್ಥಾನದ ಔತಣದಲ್ಲಿ ಕವಿಗಳು ಆಶುಕವಿತೆ ಕಟ್ಟುವಾಗ ಮಾಹಿತ್ ಪ್ರತಿಯೊಂದು ಶ್ಲೇಷೆಯನ್ನೂ ಹಿಡಿಯಬಲ್ಲಳು. ಹಿಡಿದ ಕ್ಷಣದಲ್ಲಿಯೇ, ತಾನು ಎಷ್ಟು ಚೆನ್ನಾಗಿ ಬರೆದರೂ ಅನಾಗರಿಕಳೊಬ್ಬಳು ಚೆನ್ನಾಗಿ ಬರೆದಳು ಎಂಬ ಮೆಚ್ಚುಗೆಯಷ್ಟೇ ತನಗೆ ಸಿಗುವುದೆಂಬುದೂ ಅವಳಿಗೆ ತಿಳಿದಿದೆ. ರಾಜ್ಯಭಾಷೆಯ ಶಾಲೆಯಲ್ಲಿ ಕಲಿತು ಅದರ ಸಾಹಿತ್ಯವನ್ನು ಮನಸಾರೆ ಪ್ರೀತಿಸಿದ ಅಲ್ಪಸಂಖ್ಯಾತ ಭಾಷಿಕನಿಗೆ ಈ ಪುಟಗಳು ಬೇರೆಯವರಿಗಿಂತ ಹೆಚ್ಚು ತಾಗುತ್ತವೆ. ಆ ಪ್ರೀತಿಯನ್ನು ಮಾರ್ಟೀನ್ ದ್ರೋಹವೆಂದು ಕರೆಯುವುದಿಲ್ಲ. ಕ್ವಾಂಗ್ ಅವರ ಕಾದಂಬರಿಗೆ ಇಲ್ಲದ ಔದಾರ್ಯ ಇಲ್ಲಿದೆ.

ಕೊರತೆ ಬೇರೆ ಕಡೆ ಇದೆ. ಸಾಮ್ರಾಜ್ಯದ ಭಾಷೆಗೆ ಛಂದಸ್ಸಿದೆ, ಸಂಖ್ಯೆಯೊಂದನ್ನೂ ವಸ್ತುವೊಂದನ್ನೂ ಕೂಡಿಸಿ ಹೆಸರಿಡುವ ಪದ್ಧತಿಯಿದೆ, ಗಾದೆಯಿದೆ, ಗೂಢಲಿಪಿಯಾಗಿ ಬಳಸಬಹುದಾದ ಕಾವ್ಯಪರಂಪರೆಯಿದೆ. ಲ್ಸೆಲ್‌ನ ಭಾಷೆಯ ಬಗ್ಗೆ ಓದುಗನಿಗೆ ಉಳಿಯುವುದು ಬಹಳ ಕಡಿಮೆ. ಆ ನೆಲೆಯ ಅನನ್ಯತೆಯೆಲ್ಲ ನೆನಪಿನ ಯಂತ್ರವೆಂಬ ತಂತ್ರಜ್ಞಾನದಲ್ಲಿದೆ, ಭಾಷೆಯಲ್ಲಿಲ್ಲ. ಇದಕ್ಕೆ ಭಾಗಶಃ ಪರಿಹಾರ 2021ರ ಮುಂದಿನ ಭಾಗವಾದ 'ಎ ಡೆಸೊಲೇಶನ್ ಕಾಲ್ಡ್ ಪೀಸ್' ಕಾದಂಬರಿಯಲ್ಲಿದೆ. ಅಲ್ಲಿ ಮಾಹಿತ್ ತನ್ನ ನೆಲೆಯ ಹರೆಯದವರು ರಚಿಸಿದ ಅಗ್ಗದ ಚಿತ್ರಕಥೆಯ ಪುಸ್ತಿಕೆಯೊಂದನ್ನು ಕೊಳ್ಳುತ್ತಾಳೆ. ಮಹಾಕಾವ್ಯದ ಎದುರು ಚಿತ್ರಕಥೆ: ಸಣ್ಣ ಭಾಷೆಯ ಸಾಹಿತ್ಯ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಚಿತ್ರ ಮೂರೂ ಲೇಖಕರಲ್ಲಿ ಬೇರೆಲ್ಲೂ ಇಲ್ಲ. ಅದನ್ನು ಸಾಮ್ರಾಜ್ಯದ ಗೆಳತಿ ಹೇಗೆ ಓದಬೇಕು ಎಂಬ ಪ್ರಶ್ನೆ ಇಬ್ಬರ ಸ್ನೇಹವನ್ನೇ ಪರೀಕ್ಷೆಗೆ ಒಡ್ಡುತ್ತದೆ.

ಇನ್ನೊಂದು ಭಾಷೆಗೆ ಒಲಿದವನ ಮುಂದೆ ಮಾಹಿತ್‌ಳ ಸಂಕಟವಲ್ಲದೆ ಬೇರೆ ದಾರಿ ಇಲ್ಲವೇ? ಕನ್ನಡದ ಅನುಭವ ಬೇರೆಯದನ್ನೂ ಹೇಳುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು, ಮರಾಠಿಯಲ್ಲಿಯೂ ಬರೆದರು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಇವರಿಬ್ಬರನ್ನು ಹೊರಗಿನವರು ಚೆನ್ನಾಗಿ ಬರೆದರು ಎಂದು ಕನ್ನಡ ಓದಲಿಲ್ಲ. ಹೋಲಿಕೆಯ ಮಿತಿಯನ್ನೂ ಹೇಳಬೇಕು: ಇಲ್ಲಿ ಕನ್ನಡ ಮರಾಠಿಯನ್ನಾಗಲಿ ಕೊಂಕಣಿಯನ್ನಾಗಲಿ ಸೈನ್ಯ ಕಳಿಸಿ ಗೆದ್ದುದಲ್ಲ, ಅಧಿಕಾರದ ಅಂತರ ಟೆಯ್ಕ್ಸ್‌ಕಲಾನ್‌ನಷ್ಟು ತೀಕ್ಷ್ಣವಾಗಿರಲಿಲ್ಲ. ಆದರೆ ಇದೇ ಮುಖ್ಯ ಸಂಗತಿ. ಸಾಮ್ರಾಜ್ಯ ಮತ್ತು ಅದರ ಹೊರಗು ಎಂಬ ಎರಡೇ ತುದಿಗಳಿರುವ ಕಥನಕ್ಕೆ ನೆರೆಹೊರೆ ಎಂಬ ಮೂರನೆಯ ಸಂಬಂಧ ಕಾಣಿಸುವುದಿಲ್ಲ.

ಎರಡು ಬಾಯಿಯ ಭಾಷೆ

ನೆರೆಹೊರೆಯ ಸಂಬಂಧಕ್ಕೆ ಅನಿರೀಕ್ಷಿತವಾಗಿ ಹತ್ತಿರ ಬರುವುದು ಮೂರರಲ್ಲಿ ಅತ್ಯಂತ ವಿಚಿತ್ರವಾದ ಕೃತಿ. 'ಎಂಬಸಿಟೌನ್'ನ ಆರಿಕಿಗಳಿಗೆ ಎರಡು ಬಾಯಿಗಳು. ಅವರ ಮಾತು ಎರಡರಿಂದಲೂ ಏಕಕಾಲಕ್ಕೆ ಹೊರಡುತ್ತದೆ. ಅದರ ಹಿಂದೆ ಒಂದೇ ಮನಸ್ಸು ಇರಬೇಕು. ಇಲ್ಲದಿದ್ದರೆ ಅವರಿಗೆ ಅದು ಬರಿಯ ಸದ್ದು. ಅವರಿಗೆ ಸುಳ್ಳು ಹೇಳಲು ಬಾರದು. ಇಲ್ಲದ್ದನ್ನು ಹೇಳಲಾಗದ್ದರಿಂದ ಉಪಮೆ ಬೇಕಾದಾಗ ಅದನ್ನು ನಿಜವಾಗಿ ನಡೆಸಬೇಕು. ಕಥೆ ಹೇಳುವ ಆವಿಸ್ ಬಾಲ್ಯದಲ್ಲಿ ಹಾಗೆ ಉಪಮೆಯಾದವಳು. ಮನುಷ್ಯರು ಇವರೊಡನೆ ಮಾತನಾಡಲು ಒಂದೇ ಮನಸ್ಸಿನಂತೆ ಬೆಳೆಸಿದ ಜೋಡಿ ರಾಯಭಾರಿಗಳನ್ನು ತಯಾರಿಸುತ್ತಾರೆ. ಒಂದಾಗದ ಮನಸ್ಸಿನ ಹೊಸ ಜೋಡಿಯೊಂದು ಬಂದಾಗ ಅವರ ಮಾತು ಆರಿಕಿಗಳಿಗೆ ಮಾದಕ ವಸ್ತುವಾಗಿ, ಒಂದು ನಾಗರಿಕತೆಯೇ ಕುಸಿಯತೊಡಗುತ್ತದೆ.

ಕಾದಂಬರಿಯ ಮೊದಲ ಭಾಗ ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಪಾತ್ರಗಳು ವಾದದ ವಾಹಕಗಳಾಗಿ ತೆಳುವಾಗುತ್ತವೆ. ಆದರೆ ಉತ್ತರಾರ್ಧದ ಒಂದು ಘಟನೆ ಇದನ್ನೆಲ್ಲ ಮರೆಸುತ್ತದೆ. ಚಟದಿಂದ ಪಾರಾಗಲು ಹಲವು ಆರಿಕಿಗಳು ತಮ್ಮ ಶ್ರವಣಾಂಗವನ್ನೇ ಕತ್ತರಿಸಿಕೊಳ್ಳುತ್ತಾರೆ. ಭಾಷೆ ಕಳೆದುಕೊಂಡರೆಂದು ತಿಳಿಯಲಾದ ಇವರು ತಮಗರಿವಿಲ್ಲದೆಯೇ ಸನ್ನೆಗಳಿಂದ ಪರಸ್ಪರ ತಿಳಿಸಿಕೊಳ್ಳುತ್ತಿದ್ದಾರೆಂಬುದು ಆಮೇಲೆ ಗೊತ್ತಾಗುತ್ತದೆ. ಅದನ್ನು ಯಾವ ಗೋಪುರವೂ ಕಲಿಸಲಿಲ್ಲ, ಯಾವ ರಾಯಭಾರಿಯೂ ತರಲಿಲ್ಲ. ಒಟ್ಟಿಗೆ ನಡೆಯಬೇಕಾದವರ ಅಗತ್ಯದಿಂದ ಅದು ಹುಟ್ಟಿತು. ಮೂರು ಕಾದಂಬರಿಗಳಲ್ಲಿ ಬಳಕೆಯೇ ಭಾಷೆಯನ್ನು ಸೃಷ್ಟಿಸುವ ಪ್ರಸಂಗ ಇದೊಂದೇ. ಕುಪ್ವಾಡಕ್ಕೆ ಹತ್ತಿರದ್ದೂ ಇದೇ.

ಮುಷ್ಕರ ಯಾರಿಗೆ ತಟ್ಟುತ್ತದೆ?

ಈ ವ್ಯತ್ಯಾಸ ಕೇವಲ ಸೌಂದರ್ಯಮೀಮಾಂಸೆಯದಲ್ಲ. 'ಬೇಬಲ್'ನ ಕೊನೆಯ ಭಾಗದಲ್ಲಿ ಅನುವಾದಕರು ಗೋಪುರವನ್ನು ವಶಪಡಿಸಿಕೊಂಡು ಮುಷ್ಕರ ಹೂಡುತ್ತಾರೆ. ಬೆಳ್ಳಿಯ ಪೋಷಣೆ ನಿಂತು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಕುಸಿಯುತ್ತದೆ. ಕೊನೆಗೆ 'ಅನುವಾದ' ಎಂಬ ಪದವನ್ನೇ ಅನುವಾದಿಸುವ ವಿರೋಧಾಭಾಸದ ಜೋಡಿಯಿಂದ ಗೋಪುರ ನಾಶವಾಗುತ್ತದೆ. ದೃಶ್ಯ ರೋಚಕವಾಗಿದೆ, ಅದರ ಹಿಂದಿನ ನಂಬಿಕೆ ಇದು: ಅನುವಾದ ನಿಂತರೆ ನೋವು ಬಲಿಷ್ಠರಿಗೆ.

ಗಡಿನಾಡಿನಲ್ಲಿ ಇದು ತಿರುವುಮುರುವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸುವ ಹೊಣೆಯನ್ನು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ವಹಿಸುತ್ತದೆ. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ಎರಡೂ 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದವು. ಇವುಗಳನ್ನು ಜಾರಿಗೆ ತರುವುದೆಂದರೆ ಪ್ರಶ್ನೆಪತ್ರಿಕೆ, ಅರ್ಜಿ ನಮೂನೆ, ಸರ್ಕಾರಿ ಸುತ್ತೋಲೆ, ಪಹಣಿಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವ ಕೀರ್ತಿರಹಿತ ಕೆಲಸ. ಇದು ನಿಂತರೆ ಯಾವ ರಾಜಧಾನಿಯ ಸೇತುವೆಯೂ ಬೀಳುವುದಿಲ್ಲ. ಕನ್ನಡ ಬಲ್ಲ ಅಧ್ಯಾಪಕನೊಬ್ಬ ನಿವೃತ್ತನಾಗಿ ಆ ಜಾಗ ಖಾಲಿ ಉಳಿದರೆ ನಷ್ಟವಾಗುವುದು ಆ ತರಗತಿಯ ಮಕ್ಕಳಿಗೆ. ಸಾಮ್ರಾಜ್ಯಕ್ಕೆ ಬೇಕಾದ ಅನುವಾದಕ ಮುಷ್ಕರ ಹೂಡಬಲ್ಲ. ಅಲ್ಪಸಂಖ್ಯಾತರಿಗೆ ಬೇಕಾದ ಅನುವಾದಕನಿಗೆ ಆ ಆಯುಧವಿಲ್ಲ. ಹಿಂಸೆಯ ಅನಿವಾರ್ಯತೆಯನ್ನು ತನ್ನ ಉಪಶೀರ್ಷಿಕೆಯಲ್ಲಿಯೇ ಸಾರುವ ಕಾದಂಬರಿಗೆ ಈ ಎರಡನೆಯ ಅನುವಾದಕನ ಬಗ್ಗೆ ಹೇಳಲು ಏನೂ ಇಲ್ಲ.

ಹೀಗೆ ಮೂರನ್ನು ತೂಗಿದಾಗ, ಕಲ್ಪನೆಯ ಶಕ್ತಿಯಲ್ಲಿ 'ಬೇಬಲ್', ಮನಸ್ಸಿನ ಸತ್ಯದಲ್ಲಿ 'ಎ ಮೆಮೊರಿ ಕಾಲ್ಡ್ ಎಂಪೈರ್', ಭಾಷೆಯ ಸತ್ಯದಲ್ಲಿ 'ಎಂಬಸಿಟೌನ್' ಮುಂದಿವೆ. ಮರು ಓದಿಗೆ ಹೆಚ್ಚು ಒದಗುವುದು ಮಾರ್ಟೀನ್ ಅವರ ಕೃತಿ. ತರಗತಿಯಲ್ಲಿ ಚರ್ಚೆ ಎಬ್ಬಿಸಲು ಕ್ವಾಂಗ್ ಅವರದು ಹೆಚ್ಚು ಉಪಯುಕ್ತ.

ಬೆಳ್ಳಿಯ ಅಳತೆಗೋಲು ಕಾದಂಬರಿಗಳಲ್ಲಿ ಮಾತ್ರ ಇದೆಯೆಂದು ಅಧ್ಯಯನಕಾರರು ನೆಮ್ಮದಿಪಡುವಂತಿಲ್ಲ. ಕಾಸರಗೋಡಿನ ಹವ್ಯಕ ಕನ್ನಡವಾಗಲಿ, ನೀಲಗಿರಿಯ ಬಡಗ ನುಡಿಯಾಗಲಿ ಸಂಶೋಧನೆಯ ಗಮನ ಸೆಳೆಯುವಾಗ, ಅವು ಹಳಗನ್ನಡದ ಯಾವ ರೂಪಗಳನ್ನು ಉಳಿಸಿಕೊಂಡಿವೆ ಎಂಬ ಪ್ರಶ್ನೆ ಮುಂಚೂಣಿಯಲ್ಲಿರುತ್ತದೆ. ಅಪರೂಪದ ಪದಗಳ ಪಟ್ಟಿ ಸಿದ್ಧವಾಗುತ್ತದೆ. ಪಕ್ಕದ ಭಾಷೆಯೊಡನೆ ಬೆರೆತದ್ದನ್ನು ಕಲಬೆರಕೆಯೆಂದು ಬದಿಗೆ ಸರಿಸಲಾಗುತ್ತದೆ. ದೂರ ಉಳಿದದ್ದಕ್ಕೆ ಬೆಲೆ, ಹತ್ತಿರ ಬಂದದ್ದಕ್ಕೆ ಉಪೇಕ್ಷೆ: ಗೋಪುರದ ಲೆಕ್ಕವೂ ಇದೇ. ಪದಸಂಗ್ರಹ ಬೇಡವೆಂದಲ್ಲ; ಅದರ ಜೊತೆಗೆ ಮಲಯಾಳಂ, ತುಳು, ಮರಾಠಿ, ತೆಲುಗು, ತಮಿಳುಗಳೊಡನೆ ಕನ್ನಡ ಕಲಿತ ಹೊಸ ವಾಕ್ಯಗಳಿಗೂ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕದಲ್ಲಿ ಸಮಾನ ಜಾಗ ಬೇಕು. ಅಂಥ ವಾಕ್ಯಗಳನ್ನು ಆಡುವವರನ್ನು ನಾಯಕರನ್ನಾಗಿಸಿದ ವೈಜ್ಞಾನಿಕ ಕಾದಂಬರಿಯೊಂದು ಬರುವುದಾದರೆ, ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಆಕ್ಸ್‌ಫರ್ಡಿನ ಗ್ರಂಥಾಲಯಕ್ಕಿಂತ ಜತ್ತ, ಅಕ್ಕಲಕೋಟೆಗಳ ಸಂತೆಗಳಲ್ಲಿ ಹೆಚ್ಚು ಸಿಕ್ಕೀತು.